ಬಿದಿಗೆಯ ಭಾನುವಾರ

ಜಾದವ್‌ಪುರ, ಕೋಲ್ಕತ್ತಾ
18 ಜನವರಿ, ಭಾನುವಾರ

ಚಿ. ಶರಣ್ಯಾಳಿಗೆ ಅಮ್ಮನ ಆಶೀರ್ವಾದ.

ಮಧ್ಯಾಹ್ನ ಮೂರೂವರೆ. ಊಟದ ಗಿರಾಕಿಗಳೆಲ್ಲ ಹೋದರು. ಅಡಿಗೆಯ ಪವನ ದೋಸೆಕಲ್ಲು ಉಜ್ಜಿಟ್ಟು ಹಿಂದಿನ ಬೆಂಚಿನ ಮೇಲೆ ಮಲಗಿದ್ದಾನೆ. ಇವತ್ತು ಯೂನಿವರ್ಸಿಟಿಯ ಮಕ್ಕಳು ಇರಲಿಲ್ಲ, ಮನೆಮಂದಿಯೇ ಜಾಸ್ತಿ. ಸಾಂಬಾರು ಎರಡನೇ ಸಲ ಮಾಡಬೇಕಾಯಿತು. ಸರಸ್ವತಿ ಪೂಜೆಗೆ ಕರೆಯಲು ನಮ್ಮ ಬೀದಿಯ ಹುಡುಗಿಯರು ಬಂದಿದ್ದರು. "ಬೌದಿ, ಶರಣ್ಯಾ ಇಲ್ಲದೆ ಈ ಸಲ ರಂಗೋಲಿ ಯಾರು ಬಿಡಿಸೋದು?" ಎಂದು ಕೇಳಿದರು, ಬೀದಿಗೆಲ್ಲ ನಾನು ಅತ್ತಿಗೆಯಲ್ಲವೇ. ಪವನ ಒಳಗಿನಿಂದಲೇ, "ನಾನು ಬಿಡಿಸ್ತೇನೆ, ದೋಸೆ ಹಿಟ್ಟಿನಲ್ಲಿ" ಎಂದ. ಅವರು ನಗುತ್ತಾ ಹೋದರು.

ಬೆಳಿಗ್ಗೆ ಫೋನಿನಲ್ಲಿ ನೀನು, "ಅಮ್ಮಾ, ಈ ಸಲ ನೀಟ್ ಬರೆಯುವುದಿಲ್ಲ, ಮುಂದಿನ ವರ್ಷ ಬರೀತೇನೆ, ಆಯ್ತಾ, ಇಡ್ತೇನೆ" ಅಂದೆ. ವಾರ್ಡನ್ ಪಕ್ಕದಲ್ಲಿ ನಿಂತಿದ್ದರು, ನಿನ್ನ ಹಿಂದೆ ಸಾಲಿತ್ತು, ಅದೆಲ್ಲ ನನಗೆ ಕೇಳಿಸಿತು. ಮೊಬೈಲು ಇಟ್ಟುಕೊಳ್ಳಲು ಬಿಡದ ಹಾಸ್ಟೆಲಿನಲ್ಲಿ ಭಾನುವಾರದ ಆ ಐದು ನಿಮಿಷ ಸಾಕಾಗುವುದಿಲ್ಲ. ಇಂಥ ಮಾತನ್ನು ಅದರಲ್ಲಿ ಹೇಳಿ ಮುಗಿಸಬಾರದು. ಅದಕ್ಕೇ ಬರೆಯುತ್ತಿದ್ದೇನೆ. ಹೇಗೂ ದಿನಚರಿಗೆ ಒಂದು ಪುಟ ಬರೆಯುತ್ತೇನೆ, ಇವತ್ತು ಅದನ್ನೇ ನಿನಗೆ ಬರೆದೆ ಎಂದುಕೊ.

ಕಳೆದ ವರ್ಷ ಮೇ ತಿಂಗಳ ಆ ಭಾನುವಾರ ನೀನು ಹಾಲ್ ಟಿಕೆಟನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಯ ವರಾಂಡದಲ್ಲಿ ಕೂತೆ, ಪರೀಕ್ಷೆಗೆ ಹೋಗಲಿಲ್ಲ. ಅದಕ್ಕೆ ಯಾರೂ ನಿನ್ನನ್ನು ಒಂದು ಮಾತು ಅನ್ನಲಿಲ್ಲ. ಅಪ್ಪನೇ ನಿನ್ನ ಕೈ ಹಿಡಿದು, "ಪರೀಕ್ಷೆ ಮುಂದಿನ ವರ್ಷವೂ ಬರ್ತದೆ ಮಾರಾಯ್ತಿ. ನನ್ನದು ಗ್ಯಾರಂಟಿ ಇಲ್ಲ" ಎಂದು ನಕ್ಕರು. ಆಮೇಲೆ ಎರಡು ವಾರ ಕೂಡ ಆಗಲಿಲ್ಲ.

ಅವರು ಹೇಳಿದ ಮುಂದಿನ ವರ್ಷ ಈಗ ಬಂದಿದೆ. ಮೇ ಮೂರಕ್ಕೆ ಪರೀಕ್ಷೆ ಎಂದು ನೀನೇ ಹೇಳಿದ್ದೀ. ಮೇ ಹದಿನಾಲ್ಕಕ್ಕೆ ಅಪ್ಪ ಹೋಗಿ ವರ್ಷ ತುಂಬುತ್ತದೆ. ಪರೀಕ್ಷೆ ಮುಗಿಸಿ ನಿಧಾನವಾಗಿ ರೈಲು ಹತ್ತಿ ಬಾ. ವರ್ಷಾಂತಿಕ ಮಾಡಲು ಕೋಟೇಶ್ವರದಿಂದ ಸುಧನ್ವ ಚಿಕ್ಕಪ್ಪ ಬರುತ್ತಾನೆ. ನಿನಗೆ ಅದರ ಚಿಂತೆ ಬೇಡ.

ಎರಡನೇ ಸಲ ಯಾಕೆ ಬಿಡಬೇಕು ಎಂಬುದನ್ನು ಸರಿಯಾಗಿ ಬರೆ. ಬೈಯುವುದಿಲ್ಲ.

ಅಮ್ಮ


ಮಂಗಳೂರು
29 ಜನವರಿ, ಗುರುವಾರ

ಅಮ್ಮಾ,

ನಿನ್ನ ಪತ್ರ ರೇಡಿಯೋ ವಾರ್ತೆಯ ಹಾಗೆ ಗಂಟೆ ಹೇಳಿ ಶುರುವಾಗುತ್ತದೆ. ನಾನು ಅದನ್ನು ಸಮೀಕ್ಷಾಳಿಗೆ ಓದಿ ಹೇಳಿದೆ. ಅವಳು ನನ್ನ ರೂಮ್‌ಮೇಟ್, ಪುತ್ತೂರಿನವಳು. ಪವನನ ರಂಗೋಲಿಗೆ ತುಂಬಾ ನಕ್ಕಳು. ನನ್ನ ಪತ್ರಗಳನ್ನು ತಿದ್ದಿ ಕೊಡುವುದು ಅವಳೇ. "ನೀನು ಕನ್ನಡ ಮಾತಾಡಿದ್ರೆ ಬಂಗಾಳಿ ಸೀರಿಯಲ್ ಡಬ್ ಮಾಡಿದ ಹಾಗೆ ಉಂಟು" ಅಂತಾಳೆ. ನಾನು ಅವಳಿಗೆ ಬಂಗಾಳಿಯಲ್ಲಿ ಬೈಯುವುದು ಕಲಿಸಿದ್ದೇನೆ. ಈಗ ಲೆಕ್ಕ ಸಮವಾಗಿದೆ.

ಕಾರಣ ಕೇಳಿದಿ. ಕಾರಣ ಫಿಸಿಕ್ಸ್. ಇಲ್ಲಿ ಪ್ರತಿ ವಾರ ಪರೀಕ್ಷೆ ಮಾಡಿ ರ್‍ಯಾಂಕನ್ನು ನೋಟಿಸ್ ಬೋರ್ಡಿಗೆ ಹಚ್ಚುತ್ತಾರೆ. ನನ್ನ ಹೆಸರು ಹುಡುಕಲು ಬಗ್ಗಬೇಕು. ಇನ್ನೊಂದು ವರ್ಷ ಓದಿದರೆ ನಿಂತುಕೊಂಡೇ ನೋಡಬಹುದು. ಸಾವಿರಾರು ಜನ ಎರಡು ಸಲ, ಮೂರು ಸಲ ಬರೆಯುತ್ತಾರೆ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಊಟದ ಹಾಲ್‌ನ ಗೋಡೆಯಲ್ಲಿ ಒಂದು ದೊಡ್ಡ ಕ್ಯಾಲೆಂಡರ್ ಉಂಟು, ತಾರೀಖಿನ ಕೆಳಗೆ ಸಣ್ಣ ಅಕ್ಷರದಲ್ಲಿ ತಿಥಿ ಬರೆದದ್ದು. ಅಪ್ಪ ದಿನಾ ಸಂಜೆ ಅಂಥದ್ದನ್ನೇ ನೋಡಿ ನನ್ನಿಂದ ಅಂಗಡಿಯ ಹೊರಗಿನ ಬೋರ್ಡ್ ಬರೆಸುತ್ತಿದ್ದರಲ್ಲ. "ನಾಳೆ ಏಕಾದಶಿ. ಊಟ ಇಲ್ಲ, ಉಪ್ಪಿಟ್ಟು ಮಾತ್ರ." ನಾನು ಅದನ್ನು ಬಂಗಾಳಿಯಲ್ಲಿ ಬರೆದರೆ ಬಸ್ ಕಾಯುವವರೆಲ್ಲ ಓದಿ ನಗುತ್ತಿದ್ದರು. ಈಗಲೂ ಕೈ ತೊಳೆದು ಹೋಗುವಾಗ ನಾಳೆ ಏನು ಎಂದು ನೋಡುವ ಅಭ್ಯಾಸ ಬಿಟ್ಟಿಲ್ಲ. ಬೋರ್ಡ್ ಈಗ ಯಾರು ಬರೆಯುತ್ತಾರೆ?

ಒಂದು ವಿಷಯ ಕೇಳುತ್ತೇನೆ. ಹದಿನಾಲ್ಕು ಅಂತ ಯಾರು ಹೇಳಿದ್ದು? ಭಟ್ಟರನ್ನು ಕೇಳಿದೆಯಾ? ಮತ್ತೆ, ಚಿಕ್ಕಪ್ಪನೇ ಯಾಕೆ ಮಾಡಬೇಕು? ಸುಮ್ಮನೆ ಕೇಳಿದೆ.

ಶರಣ್ಯಾ


ಜಾದವ್‌ಪುರ
7 ಫೆಬ್ರವರಿ, ಶನಿವಾರ

ಚಿ. ಶರಣ್ಯಾಳಿಗೆ ಆಶೀರ್ವಾದ.

ಮಧ್ಯಾಹ್ನ ಮೂರು ಗಂಟೆ, ರೇಡಿಯೋದಲ್ಲಿ ಹೇಳುವ ಹಾಗೆ. ಇವತ್ತು ಗ್ಯಾಸಿನವನು ಬರಲು ತಡ ಮಾಡಿದ. ಇಡ್ಲಿ ಮುಗಿದ ಮೇಲೆ ಬಂದವರಿಗೆ ಮೊಸರನ್ನ ಕೊಟ್ಟೆವು, ಯಾರೂ ಬೇಡ ಅನ್ನಲಿಲ್ಲ. ಬೋರ್ಡ್ ನಾನೇ ಬರೆಯುತ್ತೇನೆ, ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ. ನಿನ್ನ ಬಂಗಾಳಿ ಇಲ್ಲದ್ದರಿಂದ ಈಗ ಯಾರೂ ನಿಂತು ಓದುವುದಿಲ್ಲ.

ಕಿಟಕಿ ಪಕ್ಕದ ಟೇಬಲಿನ ಮಾಷ್ಟರ್ ಮೊಶಾಯ್ ನಿನಗೆ ನೆನಪಿರಬೇಕು, ರಿಟೈರ್ ಆದ ಮೇಲೂ ಬಿಡದೆ ದಿನಾ ಬರುವವರು. ಅವರು ಕಲಿಸುತ್ತಿದ್ದದ್ದು ಫಿಸಿಕ್ಸೇ ಎಂದು ಕೇಳಿ ತಿಳಿದುಕೊಂಡೆ. ಮಗಳು ಇನ್ನೊಂದು ವರ್ಷ ತಡೆದರೆ ಸುಲಭವಾಗುತ್ತದಾ ಎಂದೆ. ವಡೆ ಮುರಿಯುತ್ತಾ ಬಂಗಾಳಿಯಲ್ಲಿ ಹೇಳಿದರು, "ಬೌದಿ, ನಾನು ಜೀವಮಾನವಿಡೀ ಅದನ್ನೇ ಕಲಿಸಿದೆ, ನನಗೆ ಇನ್ನೂ ಕಷ್ಟ. ಕಾದರೆ ಮೆತ್ತಗಾಗುವ ಜಾತಿಯದಲ್ಲ ಅದು. ಹುಡುಗಿಗೆ ಬರೆಯಲು ಹೇಳಿ."

ನಾನು ಹೆಚ್ಚು ಓದಿದವಳಲ್ಲ. ಬ್ರಹ್ಮಾವರದಲ್ಲಿ ಹತ್ತನೇ ಕ್ಲಾಸು ಮುಗಿಸಿದ್ದಷ್ಟೇ. ಆದರೂ ಫಿಸಿಕ್ಸ್ ಕಾರಣ ಅಂತ ನನಗೆ ಅನಿಸುವುದಿಲ್ಲ. ನೀನು ಚಿಕ್ಕವಳಿದ್ದಾಗಲೂ ಹೊಟ್ಟೆನೋವಾದರೆ ಹಲ್ಲುನೋವು ಎನ್ನುತ್ತಿದ್ದೆ. ಕಳೆದ ಸಲದ ನೆನಪು ಕಾಡುತ್ತದಾ? ಮೇ ಬಂದರೆ ಆ ವರಾಂಡವೇ ಕಣ್ಣಿಗೆ ಕಟ್ಟುತ್ತದಾ? ಇಲ್ಲವೇ ಡಾಕ್ಟರ್ ಆಗುವುದೇ ಬೇಡವಾ? ಆ ಆಸೆ ನಿನ್ನದೋ ಅಪ್ಪನದೋ ಎಂದು ನಾವು ಯಾರೂ ನಿನ್ನನ್ನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಬೇಡವಾದರೆ ಬೇಡ ಎಂದು ಬರೆ. ಹಾಗಂತ ಇಲ್ಲಿ ಬಂದು ಅಂಗಡಿಯಲ್ಲಿ ನಿಲ್ಲುವ ಯೋಚನೆ ಮಾಡಬೇಡ, ನೀನು ಹಾಕುವ ದೋಸೆಯ ಆಕಾರ ಪವನನಿಗೂ ಗೊತ್ತು.

ಹದಿನಾಲ್ಕು ಎಂದು ನಾನೇ ಹೇಳಿದ್ದು. ಆಸ್ಪತ್ರೆಯ ಕಾಗದದಲ್ಲಿ ಅದೇ ತಾರೀಖು. ಆ ಲೆಕ್ಕ ನಾನು ನೋಡಿಕೊಳ್ಳುತ್ತೇನೆ, ನೀನು ನಿನ್ನ ಲೆಕ್ಕ ನೋಡು.

ಗರಿಯಾಹಾಟಿನಿಂದ ಖರ್ಜೂರದ ಬೆಲ್ಲ ತಂದು ಬೇರೆ ಪಾರ್ಸೆಲಿನಲ್ಲಿ ಕಳಿಸಿದ್ದೇನೆ. ಸಮೀಕ್ಷಾಳಿಗೂ ಕೊಡು. ಬೈಗುಳ ಮಾತ್ರ ಕಲಿತರೆ ಬಂಗಾಳಿಯ ಬಗ್ಗೆ ತಪ್ಪು ಅಭಿಪ್ರಾಯ ಬರುತ್ತದೆ.

ಅಮ್ಮ


ಮಂಗಳೂರು
16 ಫೆಬ್ರವರಿ, ಸೋಮವಾರ

ಅಮ್ಮಾ,

ಬೆಲ್ಲ ಎರಡೇ ದಿನದಲ್ಲಿ ಮುಗಿಯಿತು. ಸಮೀಕ್ಷಾ ಈಗ ಕೋಲ್ಕತ್ತಾಕ್ಕೇ ಮದುವೆಯಾಗಿ ಬರುತ್ತೇನೆ ಅನ್ನುತ್ತಿದ್ದಾಳೆ. ಈ ಪತ್ರವನ್ನು ಅವಳು ತಿದ್ದಿಲ್ಲ. ತಪ್ಪಿದ್ದರೆ ಹಾಗೇ ಓದಿಕೊ.

ನಿನಗೆ ಗೊತ್ತಿಲ್ಲ ಅಂತ ಕಾಣುತ್ತದೆ. ಅಪ್ಪ ಇದ್ದಾಗ ಇದನ್ನೆಲ್ಲ ಅವರೇ ನೋಡುತ್ತಿದ್ದರು, ನೀನು ನೋಡಬೇಕಾಗಿ ಬರಲೇ ಇಲ್ಲ. ವರ್ಷಾಂತಿಕಕ್ಕೆ ಲೆಕ್ಕ ತಾರೀಖಿನದ್ದಲ್ಲ ಅಮ್ಮ, ತಿಥಿಯದ್ದು. ಅಪ್ಪ ಹೋದದ್ದು ವೈಶಾಖ ಬಹುಳ ಬಿದಿಗೆಯ ದಿನ. ಈ ವರ್ಷ ಆ ಬಿದಿಗೆ ಹದಿನಾಲ್ಕಕ್ಕೆ ಬರುವುದಿಲ್ಲ. ಮೇ ಮೂರಕ್ಕೆ ಬರುತ್ತದೆ. ಅದೇ ಭಾನುವಾರ.

ಜನವರಿಯಲ್ಲೇ ನೋಡಿದೆ. ಪರೀಕ್ಷೆಯ ತಾರೀಖು ಯಾವ ವಾರ ಬರುತ್ತದೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟೆ. ಬೆರಳು ತೆಗೆದರೆ ಕೆಳಗೆ ಬಿದಿಗೆ. ಆ ದಿನ ಊಟ ಮಾಡಲಿಲ್ಲ. ನಿನಗೆ ಹೇಳಿದರೆ ನೀನು ಒದ್ದಾಡುತ್ತೀ ಎಂದು ಫಿಸಿಕ್ಸ್ ಅಂದೆ. ಫಿಸಿಕ್ಸ್ ನಿಜವಾಗಿ ಪರವಾಗಿಲ್ಲ, ಬಗ್ಗುವ ಅಗತ್ಯ ಇಲ್ಲ.

ಶ್ರಾದ್ಧದ ಹೊತ್ತು ನಡು ಮಧ್ಯಾಹ್ನ. ಪರೀಕ್ಷೆಯ ಗೇಟು ಒಂದೂವರೆಗೆ ಮುಚ್ಚಿದರೆ ತೆರೆಯುವುದು ಸಂಜೆ ಐದಕ್ಕೆ. ಕೋಲ್ಕತ್ತಾವನ್ನೇ ಸೆಂಟರ್ ಕೇಳಿದರೂ ಎರಡೂ ಆಗುವುದಿಲ್ಲ. ಅಪ್ಪ ಹೋದ ದಿನ ಚಿಕ್ಕಪ್ಪನಿಗೆ ಸಮಯಕ್ಕೆ ಬರಲು ಆಗಲಿಲ್ಲ, ಬೀದಿಯವರೆಲ್ಲ ಸೇರಿ ಹೊತ್ತುಕೊಂಡು ಹೋದರು, ಬೆಂಕಿ ಮುಟ್ಟಿಸಿದ್ದು ನಾನು. ಅಲ್ಲಿದ್ದ ಒಬ್ಬರು ಕೈ ಹಿಡಿದು ತೋರಿಸಿದರು, ಹೀಗೆ ಅಂತ. ಶುರು ಮಾಡಿದವಳು ನಾನು. ವರ್ಷ ಮುಗಿಸುವ ದಿನ ನಾನು ಯಾವುದೋ ಸ್ಕೂಲಿನ ಬೆಂಚಿನಲ್ಲಿ ಕೂತು ಸೊನ್ನೆಗಳಿಗೆ ಮಸಿ ತುಂಬುವುದು ಹೇಗೆ?

ಡಾಕ್ಟರ್ ಆಗುವ ಆಸೆ ನನ್ನದೇ. ಮೊದಲು ಅಪ್ಪನದಾಗಿತ್ತು. ಆ ವರಾಂಡದಲ್ಲಿ ದೊಡ್ಡ ಡಾಕ್ಟರಮ್ಮ ಬಂದು ಹೇಳಿದ್ದನ್ನು ನಾನು ನಿನಗೆ ಕನ್ನಡದಲ್ಲಿ ಹೇಳಿದೆನಲ್ಲ, ಅಲ್ಲಿಂದ ನನ್ನದಾಯಿತು. ಇಂಥ ಮಾತನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಯಾರಾದರೂ ಕಲಿಯಬೇಕು ಅನಿಸಿತು.

ಅರ್ಜಿ ಹಾಕಲು ಮಾರ್ಚ್ ಮೊದಲ ವಾರ ಕೊನೆ. ನಾನು ಹಾಕಿಲ್ಲ. ಹಾಕುವುದಿಲ್ಲ. ಪರೀಕ್ಷೆ ಮುಂದಿನ ವರ್ಷವೂ ಬರ್ತದೆ, ಅಪ್ಪನೇ ಹೇಳಿದ್ದು. ನೀನು ಚಿಕ್ಕಪ್ಪನಿಗೆ ಸರಿಯಾದ ದಿನ ತಿಳಿಸು. ನಾನು ಒಂದನೇ ತಾರೀಖಿಗೇ ಬಂದಿರುತ್ತೇನೆ.

ಶರಣ್ಯಾ


ಜಾದವ್‌ಪುರ
23 ಫೆಬ್ರವರಿ, ಸೋಮವಾರ

ಶರಣ್ಯಾ,

ಮಧ್ಯಾಹ್ನ ಎರಡು ಗಂಟೆ. ಅಂಗಡಿಯಲ್ಲಿ ಇನ್ನೂ ಜನ ಇದ್ದಾರೆ. ಪವನನಿಗೆ ಕೌಂಟರ್ ಬಿಟ್ಟು ಒಳಗೆ ಬಂದು ಕೂತಿದ್ದೇನೆ. ಇದು ಇವತ್ತೇ ಸ್ಪೀಡ್ ಪೋಸ್ಟಿಗೆ ಹೋಗಬೇಕು.

ನನಗೆ ಗೊತ್ತಿತ್ತು. ಡಿಸೆಂಬರಿನಲ್ಲೇ ಅಶ್ವತ್ಥನಾರಾಯಣ ಭಟ್ಟರು ಹೇಳಿದ್ದರು. ತಾರೀಖು ಹದಿನಾಲ್ಕು ಎಂದು ನಾನು ಬರೆದದ್ದು ಸುಳ್ಳಲ್ಲ, ಆದರೆ ಉಳಿದದ್ದನ್ನು ಬೇಕೆಂದೇ ಬರೆಯಲಿಲ್ಲ. ನಿನ್ನ ಪರೀಕ್ಷೆ ಮುಗಿದ ಮೇಲೆ ಹೇಳುವುದೆಂದು ಇದ್ದೆ. ನಿನಗೆ ಗೋಡೆಯ ಕ್ಯಾಲೆಂಡರ್ ಓದಲು ಕಲಿಸಿದವರು ಯಾರು ಎಂಬುದನ್ನು ಮರೆತಿದ್ದೆ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಈ ಊರಿಗೆ ಬಂದು ಇಪ್ಪತ್ತೆರಡು ವರ್ಷ ಆಯಿತು. ತರಕಾರಿಯವಳ ಹತ್ತಿರ ಜಗಳವಾಡಿ ಕಲಿತ ಬಂಗಾಳಿ ನನ್ನದು. ಆ ಡಾಕ್ಟರಮ್ಮ ಹೇಳಿದ್ದು ನನಗೆ ಪೂರ್ತಿ ಅರ್ಥವಾಗಿತ್ತು. ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ಮನೆಯವರನ್ನು ಕರೆಸಿಕೊಳ್ಳಿ ಎಂದರು. ನೀನು ನನ್ನ ಕಡೆ ತಿರುಗಿ, "ಔಷಧಿ ಬದಲಾಯಿಸಿ ನೋಡ್ತಾರಂತೆ ಅಮ್ಮ" ಎಂದೆ. ನಾನು ಹೂಂ ಅಂದೆ. ನೀನು ನನಗೆ ನೋವಾಗದ ಹಾಗೆ ಕಾಯುತ್ತಿದ್ದೀ ಎಂದು ಗೊತ್ತಾಯಿತು. ಕಾಯುವ ಕೆಲಸ ಇಲ್ಲದಿದ್ದರೆ ಆ ಹೊತ್ತಿಗೆ ನೀನು ಕುಸಿದುಬಿಡುತ್ತಿದ್ದೆ. ನೀನು ನನಗೆ ಸುಳ್ಳು ಹೇಳಿದೆ ಎಂದು ಇದನ್ನು ಬರೆಯುತ್ತಿಲ್ಲ. ನಾವಿಬ್ಬರೂ ಮತ್ತೆ ಅದನ್ನೇ ಮಾಡುತ್ತಿದ್ದೇವೆ, ಸಾಕು ಎಂದು ಬರೆಯುತ್ತಿದ್ದೇನೆ.

ಈಗ ನನ್ನ ಮಾತು. ನೀನು ಶುರು ಮಾಡಿದೆ, ಚಿಕ್ಕಪ್ಪ ಬಂದು ಮುಂದಿನ ದಿನಗಳನ್ನು ಮಾಡಿದ, ಬೀದಿಯವರು ಹೊತ್ತರು. ಎಲ್ಲರಿಗೂ ಒಂದೊಂದು ಕೆಲಸ ಸಿಕ್ಕಿತು. ನಾನು ಒಳಗಿನ ಕೋಣೆಯಲ್ಲಿ ಕೂತಿದ್ದೆ. ಹಾಗೆ ಕೂರುವುದೇ ಕ್ರಮ ಎಂದರು, ಕೂತೆ. ಅವರ ಜೊತೆ ಇಪ್ಪತ್ತೊಂದು ವರ್ಷ ಹಿಟ್ಟು ರುಬ್ಬಿದವಳು ನಾನು, ಆದರೆ ಕೊನೆಗೆ ಅವರಿಗಾಗಿ ನನ್ನ ಕೈ ಏನೂ ಮಾಡಲಿಲ್ಲ.

ನಿನ್ನೆ ಭಟ್ಟರ ಮನೆಗೆ ಹೋಗಿ ಕೇಳಿದೆ. ಹೆಂಡತಿ ಮಾಡಬಹುದಾ?

ಭಟ್ಟರು ಕನ್ನಡಕ ತೆಗೆದರು. "ಯಾರು, ನೀವಾ?"

"ನಾನೇ."

"ಗಂಡುಮಕ್ಕಳಿಲ್ಲದ ಕಡೆ ಹೆಂಡತಿಗೆ ಅಧಿಕಾರ ಉಂಟು. ಶಾಸ್ತ್ರದಲ್ಲಿ ಬರೆದದ್ದೇ ಇದು. ಮಂತ್ರ ನಾನು ಹೇಳ್ತೇನೆ, ಕೈ ನಿಮ್ಮದು."

"ಮತ್ತೆ ಕಳೆದ ವರ್ಷ ಯಾಕೆ ಹೇಳಲಿಲ್ಲ ನೀವು?"

"ಯಾರೂ ಕೇಳಲಿಲ್ಲ ಅಮ್ಮ. ನೀವೂ ಕೇಳಲಿಲ್ಲ."

ಅದು ನಿಜ. ನಾನೂ ಕೇಳಲಿಲ್ಲ. ಮನೆಗೆ ಬಂದು ಸುಧನ್ವನಿಗೆ ಫೋನ್ ಮಾಡಿದೆ. "ಅತ್ತಿಗೆ, ಊರಲ್ಲಿ ಎಂತ ಹೇಳ್ತಾರೆ?" ಎಂದ. "ಹೇಳ್ಲಿಕ್ಕೆ ಅವರು ಇಲ್ಲಿವರೆಗೆ ಟಿಕೆಟ್ ತೆಗೆದು ಬರ್ತಾರಾ?" ಎಂದೆ. ಅವನಿಗೆ ನಗು ಬಂತು. "ಅಣ್ಣನ ಮಾತು ಕೇಳಿದ ಹಾಗೆ ಆಯ್ತು" ಎಂದ. ಬರುತ್ತಾನೆ, ಪಕ್ಕದಲ್ಲಿ ಕೂರುತ್ತಾನೆ.

ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ ಎಂದು ಅಪ್ಪನ ಮಾತನ್ನು ನನಗೇ ತಿರುಗಿಸಿದ್ದೀ. ಶ್ರಾದ್ಧವೂ ಪ್ರತಿ ವರ್ಷ ಬರುತ್ತದೆ ಶರಣ್ಯಾ. ಮುಂದಿನದ್ದನ್ನೆಲ್ಲ ನೀನು ಮಾಡು. ಇದೊಂದು ನನಗೆ ಬೇಕು. ನಿನ್ನ ಪರೀಕ್ಷೆಗಾಗಿ ನಾನು ಇದನ್ನು ಹೊತ್ತುಕೊಳ್ಳುತ್ತಿದ್ದೇನೆ ಎಂದು ತಿಳಿಯಬೇಡ. ಪರೀಕ್ಷೆ ಇಲ್ಲದಿದ್ದರೂ ಕೇಳುತ್ತಿದ್ದೆ. ಪರೀಕ್ಷೆ ಇದ್ದದ್ದರಿಂದ ಕೇಳಲು ಧೈರ್ಯ ಬಂತು, ಅಷ್ಟೇ ವ್ಯತ್ಯಾಸ.

ಅರ್ಜಿ ಹಾಕು. ಯಾವ ಊರು ಕೇಳಬೇಕೆಂಬುದು ನಿನ್ನಿಷ್ಟ.

ಅಮ್ಮ


ಮಂಗಳೂರು
2 ಮಾರ್ಚ್, ಸೋಮವಾರ

ಅಮ್ಮಾ,

ನಿನ್ನ ಪತ್ರ ಶನಿವಾರ ಬಂತು. ಬಟ್ಟೆ ಒಣಗಿಸುವ ಟೆರೇಸಿನಲ್ಲಿ ಓದಿದೆ. ಮತ್ತೆ ಮತ್ತೆ ಓದಿದೆ. ನಿನ್ನೆ ಫೋನಿನಲ್ಲಿ ನೀನು "ಬಂತಾ" ಅಂದೆ, ನಾನು "ಬಂತು" ಅಂದೆ, ಆಮೇಲೆ ಇಬ್ಬರೂ ಮಾತಾಡದೆ ಐದು ನಿಮಿಷ ಮುಗಿಸಿದೆವು. ವಾರ್ಡನ್, "ನೆಟ್‌ವರ್ಕ್ ಇಲ್ವಾ?" ಎಂದು ಕೇಳಿದರು.

ನೀನು ಒಳಗಿನ ಕೋಣೆಯಲ್ಲಿ ಕೂತದ್ದನ್ನು ನಾನು ನೋಡಿದ್ದೆ. ಹೊರಡುವಾಗ ಬಾಗಿಲಲ್ಲಿ ನಿಂತು ನೋಡಿದೆ. ಅಮ್ಮ ಸುಸ್ತಾಗಿದ್ದಾಳೆ, ಕೂರಲಿ ಎಂದುಕೊಂಡೆ. ನಿನಗೆ ಬರಲು ಮನಸ್ಸಿತ್ತು ಎಂದು ಈ ಇಡೀ ವರ್ಷದಲ್ಲಿ ನನಗೆ ಒಮ್ಮೆಯೂ ಹೊಳೆಯಲಿಲ್ಲ. ಬಂಗಾಳಿ ಅರ್ಥವಾಗುತ್ತದೆ ಎಂಬುದೂ ಹೊಳೆಯಲಿಲ್ಲ. ತರಕಾರಿಯವಳ ಹತ್ತಿರ ನೀನು ಜಗಳ ಮಾಡುವುದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಆದರೂ.

ಅರ್ಜಿ ಹಾಕಿದೆ. ಮಂಗಳೂರನ್ನೇ ಕೇಳಿದ್ದೇನೆ. ಕೋಲ್ಕತ್ತಾ ಕೇಳಿದರೆ ಆ ಬೆಳಿಗ್ಗೆ ಸ್ನಾನ ಮಾಡಿ ಮಡಿಯಲ್ಲಿ ನಿಂತ ನಿನ್ನ ಮುಖ ನೋಡಬೇಕಾಗುತ್ತದೆ. ಆಮೇಲೆ ನನ್ನ ಕಾಲು ಗೇಟಿನ ಕಡೆ ಹೋಗುವುದಿಲ್ಲ. ದೂರ ಇದ್ದರೆ ಇಬ್ಬರೂ ನಮ್ಮ ನಮ್ಮ ಕೆಲಸ ಮಾಡಬಹುದು.

ಒಂದು ಮಾತು ಕೊಡು. ಅವತ್ತು ನೀನು ಅಡಿಗೆಮನೆಗೆ ಹೋಗಬಾರದು. ಪವನ ಮಾಡಲಿ. ನೀನು ಒಳಗೆ ಹೋದರೆ ಪಾಯಸಕ್ಕೆ ಬೆಲ್ಲ ಸಾಕಾ ಎಂದು ನೋಡುತ್ತಲೇ ಇರುತ್ತೀ, ಭಟ್ಟರು ಕಾಯುತ್ತಾ ಕೂರುತ್ತಾರೆ.

ಶರಣ್ಯಾ


ಜಾದವ್‌ಪುರ
15 ಏಪ್ರಿಲ್, ಬುಧವಾರ

ಚಿ. ಶರಣ್ಯಾಳಿಗೆ ಆಶೀರ್ವಾದ.

ಮಧ್ಯಾಹ್ನ ಮೂರೂವರೆ. ಇವತ್ತು ಬಂಗಾಳಿಗಳ ಹೊಸ ವರ್ಷ. ಹೊಸ ಸೀರೆ, ಹೊಸ ಕುರ್ತಾದವರೆಲ್ಲ ಬಂದು ನಮ್ಮ ಹಳೇ ಮಸಾಲೆದೋಸೆ ತಿಂದು ಹೋದರು. ಮಾಷ್ಟರ್ ಮೊಶಾಯ್ ನಿನ್ನನ್ನು ಕೇಳಿದರು. ಅರ್ಜಿ ಹಾಕಿದ್ದೀ ಎಂದೆ. "ನನ್ನಿಂದಾಗಿ ತಾನೇ?" ಎಂದರು. ಹೌದು ಎಂದೆ. ಒಂದು ವಡೆ ಹೆಚ್ಚಿಗೆ ತಿಂದರು.

ವಾರಕ್ಕೊಮ್ಮೆ ಭಟ್ಟರ ಮನೆಗೆ ಹೋಗಿ ಕಲಿಯುತ್ತಿದ್ದೇನೆ. ಮಂತ್ರ ಹೇಳಲಿಕ್ಕಿಲ್ಲ, ಆದರೂ ಕೈಗೆ ಕಲಿಸಬೇಕು. ದೇವರಿಗೆ ನೀರು ಬಿಡುವುದು ಬೆರಳ ತುದಿಯಿಂದ. ಪಿತೃಗಳಿಗೆ ಹೆಬ್ಬೆರಳು, ತೋರುಬೆರಳುಗಳ ನಡುವಿನಿಂದ, ಪಕ್ಕಕ್ಕೆ ಬಾಗಿಸಿ. ಇಷ್ಟು ವರ್ಷ ಹಿಟ್ಟು ಹೊಯ್ದ ಕೈ ತನ್ನಷ್ಟಕ್ಕೆ ಮುಂದಕ್ಕೇ ಹೊಯ್ಯುತ್ತದೆ. ಮಧ್ಯಾಹ್ನ ಇಲ್ಲಿ ಲೋಟದಲ್ಲಿ ನೀರಿಟ್ಟುಕೊಂಡು ಅಭ್ಯಾಸ ಮಾಡುತ್ತೇನೆ. ಪವನ ನೋಡಿ, "ಅಕ್ಕ, ನಿಮಗೂ ಎಂಟ್ರೆನ್ಸ್ ಉಂಟಾ?" ಎಂದ. ನನ್ನದೂ ಮೇ ಮೂರಕ್ಕೇ ಎಂದೆ.

ಕಾಗೆಗೆ ಇಡುವ ಬಗ್ಗೆ ಭಟ್ಟರಿಗೆ ಸ್ವಲ್ಪ ಅನುಮಾನ. "ಇಲ್ಲಿಯ ಕಾಗೆಗಳು ಮೀನು ತಿಂದು ಬೆಳೆದವು, ಪಾಯಸ ಮುಟ್ತಾವೋ ಇಲ್ಲವೋ" ಎನ್ನುತ್ತಾರೆ. ನಮ್ಮ ಹಿಂದಿನ ಗೋಡೆಯ ಕಾಗೆಗಳು ಅಪ್ಪನ ಕೈಯಿಂದ ದೋಸೆಯ ಅಂಚು ತಿಂದವು, ಅವು ಬರುತ್ತವೆ ಎಂದೆ.

ನಿನ್ನ ಅಪ್ಪನ ಕೆಲಸಕ್ಕೆಂದು ಏನೋ ಕಲಿಯುತ್ತಿದ್ದೇನಲ್ಲ, ಆ ಹೊತ್ತು ಅವರು ಎದುರಿಗೆ ಇದ್ದ ಹಾಗೆ ಇರುತ್ತದೆ. ಮನೆಗೆ ಬಂದ ಮೇಲೆ ಇರುವುದಿಲ್ಲ. ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಇನ್ನು ಮೇಲೆ ಮುಚ್ಚಿಡುವುದು ಬೇಡ ಎಂದು ಬರೆದೆ.

ಬೋರ್ಡಿಗೆ ಆ ದಿನದ ವಿಷಯ ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ಹೊಳೆಯುತ್ತಿಲ್ಲ. ನೀನು ಬಂಗಾಳಿಯಲ್ಲಿ ಒಂದು ಕಾಗದದ ಮೇಲೆ ದೊಡ್ಡದಾಗಿ ಬರೆದು ಕಳಿಸು. ನಾನು ನೋಡಿಕೊಂಡು ಚಿತ್ರದ ಹಾಗೆ ಬಿಡಿಸುತ್ತೇನೆ.

ಅಮ್ಮ


ಮಂಗಳೂರು
23 ಏಪ್ರಿಲ್, ಗುರುವಾರ

ಅಮ್ಮಾ,

ಕಾಗದ ಇದರೊಳಗೆ ಇದೆ. ಯಾವ ಗೆರೆ ಮೊದಲು ಎಳೆಯಬೇಕು ಎಂದು ಬಾಣ ಹಾಕಿದ್ದೇನೆ. ಅಕ್ಷರಗಳ ಮೇಲಿನ ಗೆರೆಯನ್ನು ಕೊನೆಗೆ ಎಳೆ, ಆಗ ನೇರ ಬರುತ್ತದೆ. ಕಾರಣ ಬರೆದಿಲ್ಲ. ಅಪ್ಪ ಯಾವತ್ತೂ ಕಾರಣ ಬರೆಸುತ್ತಿರಲಿಲ್ಲ, ಕೇಳಿದವರಿಗೆ ಬಾಯಲ್ಲಿ ಹೇಳುತ್ತಿದ್ದರು.

ನಾನು ದಿನಾ ಓದುತ್ತಿದ್ದೇನೆ. ನಿನ್ನೆ ಒಂದು ಗಂಟೆ ಸುಮ್ಮನೆ ಅತ್ತೆ, ಅದನ್ನೂ ಮುಚ್ಚಿಡುವುದಿಲ್ಲ. ಸಮೀಕ್ಷಾ ಪಕ್ಕದಲ್ಲಿ ಕೂತು ಬಂಗಾಳಿಯಲ್ಲಿ ಅವಳಿಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದಳು. ಎಲ್ಲವೂ ಬೈಗುಳ. ಕೊನೆಗೆ ನಗು ಬಂತು.

ನನಗೆ ಹೆದರಿಕೆ ಇದೆ. ಆದರೆ ಕಳೆದ ವರ್ಷದಂಥದ್ದಲ್ಲ. ಪ್ರಶ್ನೆಗಳ ಹೆದರಿಕೆ ಮಾತ್ರ.

ನಾಲ್ಕನೇ ತಾರೀಖು ಬೆಳಿಗ್ಗೆ ರೈಲು ಹತ್ತುತ್ತೇನೆ. ಪಾಯಸ ಎತ್ತಿಡು.

ಶರಣ್ಯಾ


ಜಾದವ್‌ಪುರ
2 ಮೇ, ಶನಿವಾರ

ಶರಣ್ಯಾ,

ಸಂಜೆ ನಾಲ್ಕೂವರೆ. ಸೆಕೆ ತುಂಬಾ ಇದೆ. ಬೆಳಿಗ್ಗೆ ಸುಧನ್ವ ಬಂದ, ದರ್ಭೆಯ ಕಟ್ಟು ಊರಿನಿಂದಲೇ ತಂದಿದ್ದಾನೆ. ನನ್ನ ಕೈಗೆ ಕೊಡುವಾಗ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದ, ಆಮೇಲೆ ಬಿಟ್ಟ. ಈಗ ಅವನೂ ಪವನನೂ ಸೇರಿ ನೆಲ ತೊಳೆಯುತ್ತಿದ್ದಾರೆ. ಪವನ ಅವನಿಗೆ ನೀರು ಎಲ್ಲಿ ಚೆಲ್ಲಬೇಕೆಂದು ಹುಕುಂ ಮಾಡುತ್ತಿದ್ದಾನೆ.

ಈ ಪತ್ರ ಮಂಗಳೂರು ಮುಟ್ಟುವಾಗ ಎರಡೂ ಮುಗಿದಿರುತ್ತದೆ, ನೀನು ರೈಲಿನಲ್ಲಿರುತ್ತೀ. ಅದಕ್ಕೇ ಪೋಸ್ಟ್ ಮಾಡುವುದಿಲ್ಲ. ನಿನ್ನ ಮೇಜಿನ ಮೇಲೆ ಇಡುತ್ತೇನೆ.

ನಿನಗೆ ಬೇಕೆಂದು ನಾನು ನೂರು ಸಲ ಹೇಳಿದ ಪರೀಕ್ಷೆ ಇದು. ಆದರೂ ಹೇಳಿಬಿಡುತ್ತೇನೆ, ಪಾಸಾಗದಿದ್ದರೆ ಮುಂದಿನ ವರ್ಷವೂ ಬರುತ್ತದೆ. ಅಪ್ಪ ಅದನ್ನು ಹೇಳಿದ್ದು ಬರೆಯದೆ ಇರಲಿ ಎಂದಲ್ಲ, ಬರೆಯುವಾಗ ಕೈ ನಡುಗದೆ ಇರಲಿ ಎಂದು. ನನಗೂ ಅದು ಈಗ ಅರ್ಥವಾಗುತ್ತಿದೆ. ನನ್ನ ಕೈ ನಾಳೆ ತಪ್ಪಿದರೆ ಭಟ್ಟರು ಇನ್ನೊಮ್ಮೆ ಮಾಡಿಸುತ್ತಾರೆ. ನೀರು ಈಗ ಪಕ್ಕಕ್ಕೆ ಸರಿಯಾಗಿ ಬೀಳುತ್ತದೆ.

ಬೋರ್ಡ್ ಬರೆದೆ. ನಿನ್ನ ಬಾಣಗಳ ಹಾಗೆ ಎಳೆಯುತ್ತಾ ಹೋದೆ, ಮೇಲಿನ ಗೆರೆಯನ್ನು ಕೊನೆಗೆ ಎಳೆದೆ. ಬಸ್ ಕಾಯುತ್ತಿದ್ದ ಇಬ್ಬರು ಹುಡುಗಿಯರು ನಿಂತು ಓದಿದರು. "ಬೌದಿ, ನೀವು ಬಂಗಾಳಿ ಬರೆಯಲು ಯಾವಾಗ ಕಲಿತಿರಿ?" ಎಂದು ಒಬ್ಬಳು ಕೇಳಿದಳು. ಮಗಳು ಕಲಿಸಿದಳು ಎಂದೆ. ಇನ್ನೊಬ್ಬಳು, ಮಧ್ಯಾಹ್ನ ಯಾಕೆ ಇಲ್ಲ ಎಂದಳು. ಬಾಯಲ್ಲಿ ಹೇಳಿದೆ. ಅವಳು ಎದೆಯ ಮೇಲೆ ಕೈಯಿಟ್ಟು, "ದಾದಾ ನಮಗೆ ಚಟ್ನಿ ಜಾಸ್ತಿ ಕೊಡುತ್ತಿದ್ದರು" ಎಂದಳು.

ಅಲ್ಲಿ ಬರೆದದ್ದು ಇಷ್ಟು. ನಾಳೆ ಮಧ್ಯಾಹ್ನ ಊಟ ಇಲ್ಲ. ಸಂಜೆ ಐದಕ್ಕೆ ಅಂಗಡಿ ತೆರೆಯುತ್ತದೆ.